ಮೂರು ಪೈಸೆಯ ಕನ್ನಡಿ

ಒಂದು ಒಗಟಿನಿಂದ ಪ್ರಾರಂಭಿಸೋಣ. ದಾವಣಗೆರೆಯ ಚೌಕಿಪೇಟೆಯಲ್ಲೋ ಮಂಡಿಪೇಟೆಯಲ್ಲೋ ಹಳೆಯ ಸಾಮಾನಿನ ರಾಶಿಯಲ್ಲಿ ನಿಮಗೊಂದು ಆರು ಮೂಲೆಯ ಅಲ್ಯೂಮಿನಿಯಂ ನಾಣ್ಯ ಸಿಕ್ಕಿತು ಎಂದುಕೊಳ್ಳಿ. ಬೆಲೆ 3 ಪೈಸೆ. ಇಸವಿ 1975. ಇಸವಿಯ ಕೆಳಗೆ ಇಂಗ್ಲಿಷಿನ 'ಬಿ' ಅಕ್ಷರ. ಅಲ್ಲಲ್ಲಿ ಗೀರು ಬಿದ್ದಿದೆ, ಹೊಳಪು ಮಾಸಿದೆ. ಅಂಗಡಿಯವರಿಗೆ ಅದು ಬರೀ ಹಳೆಯ ಚಿಲ್ಲರೆ. ಆದರೆ ಆ ನಾಣ್ಯ ಹುಟ್ಟಿದ್ದು ಯಾವ ಅಂಗಡಿಗೂ ಹೋಗುವುದಕ್ಕಲ್ಲ, ಯಾರ ಜೇಬಿಗೂ ಬೀಳುವುದಕ್ಕಲ್ಲ ಎಂದು ನೀವು ಖಚಿತವಾಗಿ ಹೇಳಬಲ್ಲಿರಿ. ಹೇಗೆ?

ಉತ್ತರಕ್ಕೆ ಬರುವ ಮೊದಲು 'ಪ್ರೂಫ್ ನಾಣ್ಯ' ಎಂದರೇನು ಎಂಬುದನ್ನು ತಿಳಿಯಬೇಕು. ಪರದೆಯ ಮೇಲೆ ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಿ ಮುಗಿಸಲಾಗದ, ಕೈಯಲ್ಲಿ ಮಸೂರ ಹಿಡಿದು ನಿಧಾನವಾಗಿ ನೋಡಿಯೇ ಕಲಿಯಬೇಕಾದ ವಿಷಯ ಇದು. ಅದಕ್ಕಾಗಿಯೇ ಈ ಪುಟಗಳು.

ಪ್ರೂಫ್ ಎಂದರೆ ಏನು?

ಪುಸ್ತಕ ಅಚ್ಚಾಗುವ ಮೊದಲು ಮುದ್ರಣಾಲಯದವರು ಒಂದು ಪ್ರತಿ ತೆಗೆದು ತಪ್ಪುಗಳನ್ನು ನೋಡುತ್ತಾರೆ. ಅದನ್ನು ಪ್ರೂಫ್ ಎನ್ನುತ್ತೇವೆ, ಕನ್ನಡದಲ್ಲಿ ಕರಡಚ್ಚು. ನಾಣ್ಯದ ಪ್ರೂಫ್ ಕೂಡ ಹೀಗೆಯೇ ಹುಟ್ಟಿತು. ಹೊಸ ಅಚ್ಚನ್ನು ಕೆತ್ತಿದ ಮೇಲೆ ಅದು ಸರಿಯಾಗಿ ಮೂಡುತ್ತದೆಯೇ ಎಂದು ನೋಡಲು ಕೆಲವೇ ನಾಣ್ಯಗಳನ್ನು ಬಹಳ ಎಚ್ಚರಿಕೆಯಿಂದ ಟಂಕಿಸುತ್ತಿದ್ದರು. ಅಧಿಕಾರಿಗಳು ಒಪ್ಪಿದ ಮೇಲೆ ಲಕ್ಷಗಟ್ಟಲೆ ನಾಣ್ಯಗಳ ತಯಾರಿಕೆ ಶುರುವಾಗುತ್ತಿತ್ತು. ಹೊಸ ಅಚ್ಚಿನ ಮೊದಲ ನಾಣ್ಯಗಳು ನೋಡಲು ಅತಿ ಸುಂದರ. ಗೆರೆ ಗೆರೆಯೂ ಸ್ಪಷ್ಟ. ಸಂಗ್ರಾಹಕರು ಅವನ್ನು ಕೇಳತೊಡಗಿದರು. ಕ್ರಮೇಣ ಟಂಕಸಾಲೆಗಳು ಪರೀಕ್ಷೆಗಾಗಿ ಅಲ್ಲದೆ ಸಂಗ್ರಹಕ್ಕಾಗಿಯೇ ಇಂಥ ನಾಣ್ಯಗಳನ್ನು ತಯಾರಿಸಲು ತೊಡಗಿದವು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಆದ್ದರಿಂದ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪ್ರೂಫ್ ಎಂಬುದು ನಾಣ್ಯದ ಸ್ಥಿತಿಯ ಹೆಸರಲ್ಲ, ಅದು ಹುಟ್ಟಿದ ವಿಧಾನದ ಹೆಸರು. ಎಂದೂ ಬಳಸದೆ ಹೊಸದಾಗಿಯೇ ಉಳಿದ ಸಾಮಾನ್ಯ ನಾಣ್ಯ ಪ್ರೂಫ್ ಆಗುವುದಿಲ್ಲ. ಗೀರು ಬಿದ್ದು ಮಾಸಿದ ಪ್ರೂಫ್ ನಾಣ್ಯ ಸಾಮಾನ್ಯವೂ ಆಗುವುದಿಲ್ಲ. ಹೊಳಪನ್ನು ಆಮೇಲೆ ಹಚ್ಚಬಹುದು, ಹುಟ್ಟನ್ನು ಹಚ್ಚಲಾಗದು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಮಾತಿನ ವಿವರಣೆ.

ಅಚ್ಚು, ಬಿಲ್ಲೆ ಮತ್ತು ಒತ್ತಡ

ನಾಣ್ಯಕ್ಕೆ ಬೇಕಾದವು ಮೂರು. ಚಿತ್ರ ಅಕ್ಷರಗಳನ್ನು ತಿರುಗುಮುರುಗಾಗಿ ಹೊತ್ತಿರುವ ಎರಡು ಉಕ್ಕಿನ ಅಚ್ಚುಗಳು, ನಡುವೆ ಇಡುವ ಲೋಹದ ಖಾಲಿ ಬಿಲ್ಲೆ, ಮತ್ತು ಎರಡನ್ನೂ ಒತ್ತುವ ಯಂತ್ರ.

ಹರಿಹರದ ಓದುಗರಿಗೆ ಇದನ್ನು ವಿವರಿಸುವುದು ಸುಲಭ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಪ್ರಾರಂಭವಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ನಾಡಿನಾದ್ಯಂತ ಹೋದವು. ಆ ಕಾರ್ಖಾನೆಯ ಕಾಲ ಮುಗಿದಿದೆ. ಆದರೆ ಉಕ್ಕನ್ನು ತಿರುಗಿಸಿ, ಹೆರೆದು, ಕಾಯಿಸಿ ಗಟ್ಟಿ ಮಾಡಿ, ಉಜ್ಜಿ ನಯ ಮಾಡುವ ಕೆಲಸವನ್ನು ಮನೆಯಲ್ಲಿ ಅಜ್ಜನೋ ಅಪ್ಪನೋ ಮಾಡಿದ್ದನ್ನು ಕೇಳಿ ಬೆಳೆದವರು ಆ ಊರಿನಲ್ಲಿ ಇಂದಿಗೂ ಇದ್ದಾರೆ. ನಾಣ್ಯದ ಅಚ್ಚೂ ಇದೇ ವಿದ್ಯೆಯ ಕೂಸು.

ಸಾಮಾನ್ಯ ನಾಣ್ಯಕ್ಕೆ ಅಚ್ಚು ಗಟ್ಟಿಯಾಗಿದ್ದು ಬಹಳ ದಿನ ಬಾಳಿದರೆ ಸಾಕು. ಯಂತ್ರ ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಒತ್ತುತ್ತದೆ. ಒಂದು ಬಿಲ್ಲೆಗೆ ಒಂದೇ ಪೆಟ್ಟು. ಒತ್ತಿದ ನಾಣ್ಯ ಕೆಳಗಿನ ತೊಟ್ಟಿಗೆ ಬೀಳುತ್ತದೆ, ಇನ್ನೊಂದರ ಮೇಲೆ ಉರುಳುತ್ತದೆ, ಚೀಲ ಸೇರುತ್ತದೆ. ಬ್ಯಾಂಕಿಗೆ ಬರುವ ಹೊತ್ತಿಗೇ ಅದರ ಮೈಮೇಲೆ ಸಣ್ಣ ಸಣ್ಣ ಕಚ್ಚುಗಳು ಇರುತ್ತವೆ.

ಪ್ರೂಫ್ ನಾಣ್ಯದ ದಾರಿ ಬೇರೆ. ಅಚ್ಚಿನ ಸಮತಟ್ಟಾದ ಭಾಗವನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತಾರೆ. ಈ ಭಾಗವನ್ನು ನಾವು 'ಬಯಲು' ಎಂದು ಕರೆಯೋಣ. ಚಿತ್ರ ಮತ್ತು ಅಕ್ಷರಗಳ ಭಾಗವನ್ನು ಸಣ್ಣ ಕಣಗಳ ತುಂತುರಿನಿಂದಲೋ ಆಮ್ಲದಿಂದಲೋ ತುಸು ತರಿಯಾಗಿ ಮಾಡುವುದುಂಟು. ಖಾಲಿ ಬಿಲ್ಲೆಗಳನ್ನೂ ಆರಿಸಿ, ಉಜ್ಜಿ, ತೊಳೆದು, ಒರೆಸಿ ಇಡುತ್ತಾರೆ. ಯಂತ್ರ ನಿಧಾನವಾಗಿ, ಹೆಚ್ಚಿನ ಒತ್ತಡದಿಂದ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರಿ ಒತ್ತುತ್ತದೆ. ಆಗ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅಂಚುಗಳು ಚೂಪಾಗಿ, ಚೌಕಾಕಾರವಾಗಿ ನಿಲ್ಲುತ್ತವೆ. ಒತ್ತಿದ ನಾಣ್ಯ ತೊಟ್ಟಿಗೆ ಬೀಳುವುದಿಲ್ಲ, ಕೈಗವಸು ಹಾಕಿದ ಕೈ ಅದನ್ನು ಎತ್ತಿಕೊಳ್ಳುತ್ತದೆ. ಪರೀಕ್ಷಿಸಿ, ದೋಷವಿದ್ದರೆ ತೆಗೆದುಹಾಕಿ, ಉಳಿದವನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ.

ಇಷ್ಟು ಶ್ರಮ ನೂರು ರೂಪಾಯಿಯ ನಾಣ್ಯಕ್ಕೆ ಮಾತ್ರವಲ್ಲ, ಅದೇ ಪೆಟ್ಟಿಗೆಯಲ್ಲಿ ಕೂತ 1 ಪೈಸೆಗೂ ಸಲ್ಲುತ್ತದೆ. ಸಣ್ಣ ಬೆಲೆಯ ಪ್ರೂಫ್ ನಾಣ್ಯಗಳ ವಿಶೇಷ ಇರುವುದು ಇಲ್ಲಿಯೇ. ಒಂದು ದೇಶ ತನ್ನ ಅತಿ ಒಳ್ಳೆಯ ಕೈಕೆಲಸವನ್ನು ತನ್ನ ಅತಿ ಕಡಿಮೆ ಬೆಲೆಯ ಹಣದ ಮೇಲೆ ತೋರಿಸಿದೆ.

ಬೆಳಕು ಏನು ಮಾಡುತ್ತದೆ?

ಪ್ರೂಫ್ ನಾಣ್ಯವನ್ನು ಒಂದು ಕೋನದಲ್ಲಿ ಹಿಡಿದರೆ ಬಯಲು ಕಡುಕಪ್ಪಾಗಿಯೂ ಚಿತ್ರ ಬೆಳ್ಳಗೂ ಕಾಣುತ್ತದೆ. ತುಸು ಓರೆ ಮಾಡಿದರೆ ಬಯಲು ಫಳ್ಳನೆ ಮಿಂಚುತ್ತದೆ. ಒಂದೇ ಲೋಹ ಎರಡು ಬಣ್ಣವಾಗಿ ಕಾಣುವುದು ಹೇಗೆ?

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಮೇಲ್ಮೈಯ ಉಬ್ಬುತಗ್ಗುಗಳು ಈ ಅಳತೆಗಿಂತ ಬಹಳ ಚಿಕ್ಕದಾಗಿದ್ದರೆ ಬೆಳಕಿನ ಕಿರಣಗಳು ಶಿಸ್ತಿನಿಂದ ಒಂದೇ ದಿಕ್ಕಿಗೆ ಹಿಂತಿರುಗುತ್ತವೆ. ಅದು ಕನ್ನಡಿ. ಉಬ್ಬುತಗ್ಗುಗಳು ಅದಕ್ಕಿಂತ ದೊಡ್ಡದಾಗಿದ್ದರೆ ಕಿರಣಗಳು ಎಲ್ಲ ದಿಕ್ಕಿಗೂ ಚದರುತ್ತವೆ. ಆಗ ಮೇಲ್ಮೈ ಮಂಜು ಕವಿದಂತೆ ಬೆಳ್ಳಗೆ ಕಾಣುತ್ತದೆ. ಕನ್ನಡಿಗೆ ಸ್ವಂತ ಬಣ್ಣವಿಲ್ಲ. ಎದುರಿಗೆ ಕತ್ತಲಿದ್ದರೆ ಕತ್ತಲು, ದೀಪವಿದ್ದರೆ ದೀಪ. ಪ್ರೂಫ್ ನಾಣ್ಯದ ಬಯಲು ಕಪ್ಪಾಗಿ ಕಾಣುವುದು ಅದು ಎದುರಿನ ಕತ್ತಲನ್ನು ತೋರಿಸುತ್ತಿರುವುದರಿಂದ.

ದೂರದರ್ಶನದ ಕ್ಯಾಮೆರಾ ಇಟ್ಟು ಕೆಲಸ ಮಾಡುವವರಿಗೆ ಇದು ನಿತ್ಯದ ಸಮಸ್ಯೆ. ಪ್ರೂಫ್ ನಾಣ್ಯದ ಮೇಲೆ ನೇರ ದೀಪ ಹಾಕಿದರೆ ಬಯಲಿನಲ್ಲಿ ದೀಪವೇ ಕಾಣುತ್ತದೆ, ಕೆಲವೊಮ್ಮೆ ಕ್ಯಾಮೆರಾದ ಮಸೂರವೂ ಕಾಣುತ್ತದೆ. ಎದುರಿಗೆ ಕಪ್ಪು ಬಟ್ಟೆ ಹಿಡಿದು ದೀಪವನ್ನು ಪಕ್ಕಕ್ಕೆ ಸರಿಸಿದರೆ ಮಾತ್ರ ಚಿತ್ರ ಎದ್ದು ಬರುತ್ತದೆ. ನೀವೂ ಮನೆಯಲ್ಲಿ ಒಂದು ಟಾರ್ಚು ಮತ್ತು ಕಪ್ಪು ಕಾಗದ ಹಿಡಿದು ಹೀಗೆಯೇ ನೋಡಬಹುದು.

ಈ ಪಾಠಕ್ಕೆ ಹರಿಹರದಲ್ಲೇ ಒಂದು ದೊಡ್ಡ ಮಾದರಿ ಇದೆ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಲ್ಲಿನ ಮಂಟಪದ ಕಂಬಗಳನ್ನು ನೋಡಿ. ಹೊಯ್ಸಳರ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ತಿರುಗಣಿಗೆ ಹಾಕಿ ಕಡೆದು ನಯ ಮಾಡಿದರು. ಉಜ್ಜಿದ ಕಡೆ ಕಲ್ಲು ಗಾಢವಾಗಿ ಮಿಂಚುತ್ತದೆ. ಉಳಿ ಮಾತ್ರ ಆಡಿದ ಕಡೆ ಅದೇ ಕಲ್ಲು ಮಂಕಾಗಿ, ಬೆಳ್ಳಗೆ ನಿಲ್ಲುತ್ತದೆ. ಕಲ್ಲು ಒಂದೇ, ಮೇಲ್ಮೈ ಬೇರೆ. ಕಲ್ಲು ಕಡೆದ ತಿರುಗಣಿಯ ಊರಿಗೆ ಏಳುನೂರು ವರ್ಷಗಳ ನಂತರ ಉಕ್ಕು ಕಡೆಯುವ ಲೇತ್ ಬಂದದ್ದು ಕಾಕತಾಳೀಯವಿರಬಹುದು. ನಯ ಮಾಡುವ ವಿದ್ಯೆಯ ತತ್ವ ಮಾತ್ರ ಎರಡರಲ್ಲೂ ಒಂದೇ.

ವೀಸದಿಂದ ಪೈಸೆಗೆ

ಸಣ್ಣ ಹಣಕ್ಕೆ ಕನ್ನಡದಲ್ಲಿ ಬಹಳ ಹೆಸರುಗಳಿವೆ. ಶಾಸನಗಳಲ್ಲಿ ಗದ್ಯಾಣದ ಕೆಳಗೆ ಹಣ ಬರುತ್ತದೆ, ಹಣದ ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯಗಳ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲಿ ಬರೆದು, ಬೆಲೆಯನ್ನು ಇಂಗ್ಲಿಷಿನಲ್ಲೂ ಮುದ್ರಿಸಿದ್ದರು. ಪರ್ಷಿಯನ್ ಬರಹವೂ ಇರುತ್ತಿತ್ತು. ಬ್ರಿಟಿಷ್ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಟ್ಟು 192 ಪೈ. ಪೈಯನ್ನೇ ನಮ್ಮ ಕಡೆ ಕಾಸು ಎಂದರು. ಮೂರು ಕಾಸು ಸೇರಿದರೆ ಮುಕ್ಕಾಸು, ಎಂದರೆ ಕಾಲಾಣೆ. 'ಮುಕ್ಕಾಸಿನ ಬೆಲೆಯೂ ಇಲ್ಲ' ಎಂದು ಇಂದಿಗೂ ಅನ್ನುತ್ತೇವಲ್ಲ, ಆ ಮುಕ್ಕಾಸು ಇದೇ.

ಗಣರಾಜ್ಯದ ಮೊದಲ ನಾಣ್ಯಗಳು 1950ರಲ್ಲಿ ಬಂದವು. ಕಾಲಾಣೆಯ ಮೇಲೆ ಕುದುರೆ, ಅರ್ಧಾಣೆ ಒಂದಾಣೆ ಎರಡಾಣೆಗಳ ಮೇಲೆ ಗೂಳಿ, ಪಾವಲಿ ಅರ್ಧ ರೂಪಾಯಿ ರೂಪಾಯಿಗಳ ಮೇಲೆ ತೆನೆ. ಈ ಏಳು ನಾಣ್ಯಗಳ ಪ್ರೂಫ್ ಜೋಡಣೆಯನ್ನು ಮುಂಬಯಿ ಟಂಕಸಾಲೆ ಆಗಲೇ ತಯಾರಿಸಿತ್ತು.

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂತು. ರೂಪಾಯಿಗೆ ನೂರು 'ನಯಾ ಪೈಸೆ'. 1964ರ ಜೂನ್ 1ರಿಂದ 'ನಯಾ' ಹೋಗಿ ಬರೀ ಪೈಸೆ ಉಳಿಯಿತು. ಜನರ ಬಾಯಲ್ಲಿ ಮಾತ್ರ 25 ಪೈಸೆ ನಾಲ್ಕಾಣೆಯಾಗಿಯೂ 50 ಪೈಸೆ ಎಂಟಾಣೆಯಾಗಿಯೂ ಬಹುಕಾಲ ಉಳಿದವು. ಆಣೆ ಹೋದರೂ ಆಣೆಯ ಹೆಸರು ಹೋಗಲಿಲ್ಲ.

ಅರವತ್ತರ ದಶಕದಲ್ಲಿ ತಾಮ್ರ ಮತ್ತು ನಿಕ್ಕಲ್ ದುಬಾರಿಯಾದವು. ಸಣ್ಣ ನಾಣ್ಯಗಳು ಒಂದೊಂದಾಗಿ ಅಲ್ಯೂಮಿನಿಯಂಗೆ ತಿರುಗಿದವು. ಆಗಿನ ತೂಕಗಳನ್ನು ನೋಡಿ: 1 ಪೈಸೆ 0.75 ಗ್ರಾಂ, 2 ಪೈಸೆ 1 ಗ್ರಾಂ, 3 ಪೈಸೆ 1.25 ಗ್ರಾಂ, 5 ಪೈಸೆ 1.5 ಗ್ರಾಂ. ನಾಲ್ಕೂ ಸೇರಿ 4.5 ಗ್ರಾಂ. ಆಗ ಚಲಾವಣೆಯಲ್ಲಿದ್ದ ನಿಕ್ಕಲ್ ರೂಪಾಯಿ ಒಂದೇ 10 ಗ್ರಾಂ ತೂಗುತ್ತಿತ್ತು. 1 ಪೈಸೆಯನ್ನು ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ಅದು ಮುಳುಗದೆ ನಿಲ್ಲುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಸಾಂದ್ರ, ಆದರೂ ಮುಳುಗುವುದಿಲ್ಲ. ಕಾರಣ ನೀರಿನ ಮೇಲ್ಮೈ ಎಳೆತ. ಸವೆದ ಸಾಮಾನ್ಯ ಪೈಸೆಯಲ್ಲಿ ಈ ಪ್ರಯೋಗ ಮಾಡಿ ನೋಡಿ. ಪ್ರೂಫ್ ಪೈಸೆಯಲ್ಲಿ ಬೇಡ!

ಪೇಟೆ ಕಾಣದ ಪೈಸೆಗಳು

ಈಗ ನಮ್ಮ ಒಗಟಿಗೆ ಬರೋಣ. 3 ಪೈಸೆಯ ನಾಣ್ಯ 1964ರಲ್ಲಿ ಬಂತು. ಆಮೇಲೆ ಬೆಲೆಗಳು ಏರುತ್ತ ಹೋದವು. ಚಲಾವಣೆಗಾಗಿ 3 ಪೈಸೆ ಟಂಕಿಸುವುದು 1971ಕ್ಕೆ ಮುಗಿಯಿತು. ಆದರೆ ಮುಂಬಯಿ ಟಂಕಸಾಲೆ ಪ್ರತಿವರ್ಷ ಸಂಗ್ರಾಹಕರಿಗಾಗಿ ಪ್ರೂಫ್ ಜೋಡಣೆಗಳನ್ನು ಹೊರತರುತ್ತಿತ್ತು. ಆ ಪೆಟ್ಟಿಗೆಯಲ್ಲಿ ಎಲ್ಲ ಬೆಲೆಯ ನಾಣ್ಯಗಳೂ ಸಾಲಾಗಿ ಇರಬೇಕಲ್ಲವೆ? ಹಾಗಾಗಿ 1972ರಿಂದ 1981ರವರೆಗೆ 3 ಪೈಸೆ ಪ್ರೂಫ್ ರೂಪದಲ್ಲಿ ಮಾತ್ರ ಹುಟ್ಟುತ್ತ ಬಂತು. ಪ್ರೂಫ್ ಎಂಬುದರ ಗುರುತಾಗಿ ಅದರ ಮೇಲೆ 'ಬಿ' ಅಕ್ಷರ, ಬಾಂಬೆಯ ಮೊದಲಕ್ಷರ. ಅದೇ ಊರಿನ ಸಾಮಾನ್ಯ ನಾಣ್ಯಗಳ ಗುರುತು ವಜ್ರಾಕೃತಿ. 1996ರಿಂದ ಪ್ರೂಫ್ ಗುರುತು 'ಎಂ' ಆಯಿತು, ಮುಂಬಯಿಯ ಮೊದಲಕ್ಷರ.

ಆದ್ದರಿಂದ 1975ರ 3 ಪೈಸೆ ಎಷ್ಟೇ ಮಾಸಿರಲಿ, ಅದು ಒಂದು ಪ್ರೂಫ್ ಪೆಟ್ಟಿಗೆಯಿಂದ ಹೊರಬಿದ್ದದ್ದೇ. ಯಾವುದೋ ಮನೆಯಲ್ಲಿ ಮಗು ಪೆಟ್ಟಿಗೆ ಒಡೆದು ಆಡಿರಬಹುದು, ಯಾರೋ ಪೂರ್ತಿ ಜೋಡಣೆ ಬಿಡಿಸಿ ಬಿಡಿ ನಾಣ್ಯವಾಗಿ ಮಾರಿರಬಹುದು. ಅದರ ಹುಟ್ಟನ್ನು ಅದರ ಇಸವಿಯೇ ಹೇಳುತ್ತದೆ. ಹೊಳಪು ನೋಡದೆ, ಬೆಲೆ ಕೇಳದೆ, ಇಸವಿ ಮತ್ತು ಮುಖಬೆಲೆಯನ್ನು ಕೂಡಿಸಿ ತರ್ಕದಿಂದ ತೀರ್ಮಾನಕ್ಕೆ ಬಂದಿರಲ್ಲ, ಇದೇ ನಾಣ್ಯಶಾಸ್ತ್ರದ ಮೊದಲ ಹೆಜ್ಜೆ.

ಎಪ್ಪತ್ತರ ದಶಕದ ಸಣ್ಣ ನಾಣ್ಯಗಳಲ್ಲಿ ಇನ್ನೊಂದು ಆಕರ್ಷಣೆ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕರೆಗೆ ಓಗೊಟ್ಟು ಭಾರತ ಹಲವು ವರ್ಷ ಸಂದೇಶ ಹೊತ್ತ ನಾಣ್ಯಗಳನ್ನು ಹೊರತಂದಿತು. 1970ರಲ್ಲಿ 'ಎಲ್ಲರಿಗೂ ಆಹಾರ' ಎಂಬ 20 ಪೈಸೆ. 1974ರಲ್ಲಿ ಯೋಜಿತ ಕುಟುಂಬದ ಚಿತ್ರವಿರುವ 10 ಪೈಸೆ. 1977ರಲ್ಲಿ 'ಅಭಿವೃದ್ಧಿಗಾಗಿ ಉಳಿತಾಯ' ಎನ್ನುವ 5 ಮತ್ತು 10 ಪೈಸೆ. 1979ರಲ್ಲಿ ಅಂತಾರಾಷ್ಟ್ರೀಯ ಮಕ್ಕಳ ವರ್ಷದ 5 ಮತ್ತು 10 ಪೈಸೆ. 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿಯ 10 ಮತ್ತು 25 ಪೈಸೆ. ಇವು ಪೇಟೆಯಲ್ಲೂ ಓಡಾಡಿದವು, ಪ್ರೂಫ್ ಆಗಿಯೂ ಬಂದವು. ಒಂದೇ ಚಿತ್ರದ ಎರಡು ಹುಟ್ಟುಗಳನ್ನು ಅಕ್ಕಪಕ್ಕ ಇಟ್ಟು ಕಲಿಯಲು ಇವುಗಳಿಗಿಂತ ಒಳ್ಳೆಯ ಪಾಠಪುಸ್ತಕ ಇಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ್ದು ಬೇಕೆನ್ನುವವರಿಗೆ 2006ರ ಬಸವೇಶ್ವರರ ನಾಣ್ಯವಿದೆ. 5 ಮತ್ತು 100 ರೂಪಾಯಿ ಬೆಲೆಯಲ್ಲಿ ಬಂದ ಆ ಸ್ಮಾರಕ ನಾಣ್ಯಗಳಲ್ಲಿ 5 ರೂಪಾಯಿಯದು ಚಲಾವಣೆಗೂ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವಕ್ಕೆಂದು 2016ರಲ್ಲಿ 10 ಮತ್ತು 100 ರೂಪಾಯಿಯ ನಾಣ್ಯಗಳು ಹೊರಬಂದವು.

ಉಜ್ಜಿದ ನಾಣ್ಯ, ಪ್ರೂಫ್ ನಾಣ್ಯ

1968ರಿಂದ 1971ರವರೆಗೆ ಹಳದಿ ಬಣ್ಣದ, ಕಮಲದ ಚಿತ್ರವಿದ್ದ 20 ಪೈಸೆ ಬಂದಿತ್ತು. ಅದರಲ್ಲಿ ಚಿನ್ನ ಬೆರೆತಿದೆ ಎಂಬ ಸುಳ್ಳು ಸುದ್ದಿಯೂ ಹಬ್ಬಿತ್ತು. ಲೋಹ ನಿಜವಾಗಿ ತಾಮ್ರ ಮತ್ತು ಅಲ್ಯೂಮಿನಿಯಂಗಳ ಮಿಶ್ರಣ. ಲಕ್ಷ್ಮೀಪೂಜೆಗೆಂದು ಈ ಕಮಲದ ನಾಣ್ಯಗಳನ್ನು ಕೂಡಿಟ್ಟ ಮನೆಗಳು ನಮ್ಮಲ್ಲಿ ಅನೇಕ. ಹಬ್ಬ ಬಂದಾಗ ಹಿತ್ತಾಳೆ ಪಾತ್ರೆಗಳ ಜೊತೆಗೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕುವುದು ರೂಢಿ. ಪೂಜೆಗೆ ಅದು ಸರಿಯೇ. ಆದರೆ ಹಾಗೆ ಥಳಥಳಿಸುವ ನಾಣ್ಯವನ್ನು ಪ್ರೂಫ್ ಎಂದು ಯಾರಾದರೂ ಮಾರಲು ಬಂದರೆ ನೀವು ಏನು ಮಾಡಬೇಕು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ತೆಗೆದುಕೊಳ್ಳಿ. ನಾಲ್ಕು ಕಡೆ ನೋಡಿ.

ಮೊದಲನೆಯದು ಬಯಲು. ಪ್ರೂಫ್ ನಾಣ್ಯದಲ್ಲಿ ಉಜ್ಜಿದ್ದು ಅಚ್ಚನ್ನು. ಸಂಗ್ರಾಹಕನ ಮೋಸದಲ್ಲಿ ಉಜ್ಜಿದ್ದು ನಾಣ್ಯವನ್ನು. ನಾಣ್ಯವನ್ನು ಉಜ್ಜಿದ್ದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿನಲ್ಲಿ ಗುಂಪಾಗಿ ಓಡುತ್ತವೆ, ಅಕ್ಷರಗಳ ಮೇಲೂ ಹತ್ತಿ ಇಳಿಯುತ್ತವೆ.

ಎರಡನೆಯದು ಅಕ್ಷರದ ಬುಡ. ಬಟ್ಟೆಯೂ ಬೆರಳೂ ಅಕ್ಷರದ ಸಂದಿಗೆ ಪೂರ್ತಿ ಇಳಿಯಲಾರವು. ಉಜ್ಜಿದ ನಾಣ್ಯದಲ್ಲಿ ಬಯಲಿನ ನಡುವೆ ಹೊಳಪಿದ್ದು ಅಕ್ಷರದ ಬುಡದಲ್ಲಿ ಮಂಕು ಉಳಿದಿರುತ್ತದೆ. ಪ್ರೂಫ್‌ನಲ್ಲಿ ಕನ್ನಡಿ ಅಕ್ಷರದ ಗೋಡೆಗೆ ತಾಗುವವರೆಗೂ ಹೋಗುತ್ತದೆ.

ಮೂರನೆಯದು ಅಂಚು. ಪ್ರೂಫ್‌ನ ಅಂಚು ಚೂಪು, ಮೂಲೆ ನೇರ. ಸಾಮಾನ್ಯ ನಾಣ್ಯದ ಅಂಚು ತುಸು ಗುಂಡಗೆ. ಉಜ್ಜುವುದರಿಂದ ಅದು ಇನ್ನಷ್ಟು ಗುಂಡಗಾಗುತ್ತದೆ, ಚೂಪಂತೂ ಆಗುವುದಿಲ್ಲ.

ನಾಲ್ಕನೆಯದು ಬೆಳಕಿನ ಓಟ. ಹೊಸ ಸಾಮಾನ್ಯ ನಾಣ್ಯವನ್ನು ದೀಪದಡಿ ತಿರುಗಿಸಿದರೆ ಚಕ್ಕಡಿಯ ಗಾಲಿಯ ಅರೆಕಾಲುಗಳಂತೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಒಂದೇ ಪೆಟ್ಟಿಗೆ ಲೋಹ ನಡುವಿನಿಂದ ಅಂಚಿಗೆ ಹರಿದ ಗುರುತು ಅದು. ಪ್ರೂಫ್‌ನಲ್ಲಿ ಪಟ್ಟಿಗಳು ಸುತ್ತುವುದಿಲ್ಲ. ಅಲ್ಲಿ ಕನ್ನಡಿ ಇದೆ, ನಿಮ್ಮ ಮುಖ ಕಾಣುತ್ತದೆ. ಉಜ್ಜಿದ ನಾಣ್ಯದಲ್ಲಿ ಎರಡೂ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬ್ರಿಟಿಷರ ಕಾಲದ ಇಸವಿ ಹೊತ್ತ ಪ್ರೂಫ್ ನಾಣ್ಯವೆಲ್ಲ ಆ ವರ್ಷವೇ ಹುಟ್ಟಿತೆಂದು ತಿಳಿಯಬೇಡಿ. ಹಳೆಯ ಅಚ್ಚುಗಳಿಂದ ಮತ್ತೆ ಟಂಕಿಸಿ ಸಂಗ್ರಾಹಕರಿಗೆ ಕೊಡುವ ಪದ್ಧತಿ ನಮ್ಮ ಟಂಕಸಾಲೆಗಳಲ್ಲಿ ಬಹುಕಾಲ ಇತ್ತು. ಅವು ಖೋಟಾ ಅಲ್ಲ. ಆದರೆ ಮೂಲವೂ ಅಲ್ಲ.

ಎಲ್ಲಿಂದ ಪ್ರಾರಂಭಿಸಬೇಕು?

ಮೊದಲು ಪ್ರೂಫ್ ಕೊಳ್ಳಲು ಹೋಗಬೇಡಿ. ಮೊದಲು ಸಾಮಾನ್ಯ ಪೈಸೆಗಳನ್ನು ಕೂಡಿಸಿ. ಅಜ್ಜಿಯ ಸಂದೂಕ, ದೇವರ ಮನೆಯ ಡಬ್ಬಿ, ಹಳೆಯ ಹುಂಡಿ, ಇವುಗಳಲ್ಲಿ ಹುಡುಕಿ. ಇವನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಪ್ರೂಫ್ ಏಕೆ ಬೇರೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕೂಡಿಸಿದ ಮೇಲೆ ಒಂದು ಅಯಸ್ಕಾಂತ ತನ್ನಿ. ಬೇರೆ ಬೇರೆ ಇಸವಿಯ 25 ಪೈಸೆಗಳನ್ನು ಸಾಲಾಗಿಡಿ. 1957ರಿಂದ 1971ರವರೆಗಿನವು ಅಯಸ್ಕಾಂತಕ್ಕೆ ಅಂಟುತ್ತವೆ, ಏಕೆಂದರೆ ಅವು ನಿಕ್ಕಲ್. 1972ರಿಂದ ಬಂದವು ಅಂಟುವುದಿಲ್ಲ, ಅವು ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. 1988ರಿಂದ ಬಂದ ಸಣ್ಣ ಉಕ್ಕಿನ ನಾಣ್ಯಗಳು ಮತ್ತೆ ಅಂಟುತ್ತವೆ. ಒಂದೇ ಬೆಲೆಗೆ ಮೂರು ಲೋಹ. ಲೋಹದ ಬೆಲೆ ನಾಣ್ಯದ ಮುಖಬೆಲೆಯನ್ನು ಮುಟ್ಟಲು ಬಂದಾಗಲೆಲ್ಲ ಸರ್ಕಾರ ಅಗ್ಗದ ಲೋಹಕ್ಕೆ ಹೊರಳಬೇಕಾಯಿತು. ಅರ್ಥಶಾಸ್ತ್ರದ ಹಣದುಬ್ಬರದ ಪಾಠವನ್ನು ಅಯಸ್ಕಾಂತ ಹೇಳಿಕೊಡುತ್ತದೆ.

ಆಮೇಲೆ ಒಂದು ಗಡಿ ಹಾಕಿಕೊಳ್ಳಿ. 'ಪೈಸೆಗಳು ಮಾತ್ರ' ಎಂದೋ, 'ನಾನು ಹುಟ್ಟಿದ ವರ್ಷದವು ಮಾತ್ರ' ಎಂದೋ, '3 ಪೈಸೆ, 1964ರಿಂದ 1981' ಎಂದೋ ನಿರ್ಧರಿಸಿ. ಗಡಿಯಿಲ್ಲದ ಸಂಗ್ರಹ ಬೇಗ ಬೇಸರ ತರುತ್ತದೆ, ಖರ್ಚೂ ಮಾಡಿಸುತ್ತದೆ. ಬಿಡಿ ಪ್ರೂಫ್ ಪೈಸೆಗಳು ನಾಣ್ಯ ಪ್ರದರ್ಶನಗಳಲ್ಲಿ, ಪರಿಚಿತ ವ್ಯಾಪಾರಿಗಳಲ್ಲಿ ಸಿಗುತ್ತವೆ. ಹೊಸ ಸ್ಮಾರಕ ನಾಣ್ಯಗಳ ಪ್ರೂಫ್ ಜೋಡಣೆಗಳನ್ನು ಭಾರತ ಸರ್ಕಾರದ ಟಂಕಸಾಲೆಗಳೇ ಮೊದಲು ಹಣ ಪಡೆದು ಕಾಯ್ದಿರಿಸಿಕೊಂಡು ಕಳುಹಿಸುತ್ತವೆ. 2006ರಿಂದ ಈ ಟಂಕಸಾಲೆಗಳು ಭದ್ರತಾ ಮುದ್ರಣ ಮತ್ತು ಟಂಕಸಾಲೆ ನಿಗಮದ ಅಡಿಯಲ್ಲಿವೆ. ಕಾಲೇಜಿನ ಐದಾರು ಗೆಳೆಯರು ಸೇರಿ ಒಂದು ಜೋಡಣೆ ತರಿಸಿ ವಿಜ್ಞಾನ ಸಂಘದಲ್ಲಿ ಇಟ್ಟರೂ ಸಾಕು, ಕಲಿಯುವುದಕ್ಕೆ ಒಂದೇ ನಾಣ್ಯ ನೂರು ಜನರಿಗೆ ಸಾಲುತ್ತದೆ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಇರಲಿ. ಬೆಲೆ, ಇಸವಿ, ಗುರುತು, ಲೋಹ, ತೂಕ, ಎಲ್ಲಿ ಯಾವಾಗ ಸಿಕ್ಕಿತು, ಎಷ್ಟು ಕೊಟ್ಟಿರಿ. ಚೀಟಿಯಿಲ್ಲದ ಸಂಗ್ರಹ ಹೆಸರಿಲ್ಲದ ಹಳೆಯ ಫೋಟೋಗಳ ಹಾಗೆ.

ಕಾಪಾಡುವುದು

ಪ್ರೂಫ್ ನಾಣ್ಯದ ಶತ್ರು ಬೆರಳು. ಬೆವರಿನಲ್ಲಿ ಉಪ್ಪಿದೆ, ಆಮ್ಲವಿದೆ, ಎಣ್ಣೆಯಿದೆ. ಇಂದು ಬಿದ್ದ ಬೆರಳ ಗುರುತು ಕೆಲವು ತಿಂಗಳಲ್ಲಿ ಲೋಹದೊಳಕ್ಕೆ ಕೊರೆದು ಶಾಶ್ವತವಾಗುತ್ತದೆ. ಹಿಡಿಯುವುದಾದರೆ ಅಂಚಿನಲ್ಲಿ ಹಿಡಿಯಿರಿ, ಮೆತ್ತನೆಯ ಬಟ್ಟೆಯ ಮೇಲೆ ಹಿಡಿಯಿರಿ. ನಾಣ್ಯದ ಮುಂದೆ ಮಾತಾಡಬೇಡಿ. ಉಗುಳಿನ ಒಂದು ಹನಿ ಕಪ್ಪು ಚುಕ್ಕೆಯಾಗಲು ಸಾಕು.

ಎರಡನೆಯ ಶತ್ರು ಪಿ.ವಿ.ಸಿ. ಪ್ಲಾಸ್ಟಿಕ್. ಅಗ್ಗದ, ಮೆತ್ತನೆಯ, ವಾಸನೆ ಬರುವ ಆಲ್ಬಮ್ ಹಾಳೆಗಳು ಕಾಲಕ್ರಮೇಣ ಒಡೆದು ಆಮ್ಲ ಬಿಡುತ್ತವೆ. ತಾಮ್ರ ಬೆರೆತ ನಾಣ್ಯದ ಮೇಲೆ ಹಸಿರು ಅಂಟು ಮೂಡುತ್ತದೆ. ಗಡುಸಾದ ಪಾರದರ್ಶಕ ಡಬ್ಬಿ ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆ ಮೇಲು. ಮೂರನೆಯದು ತೇವ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮಳೆಗಾಲದ ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಿಸಿ.

ಇನ್ನು ತೊಳೆಯುವ ವಿಷಯ. ಹುಣಸೆಹಣ್ಣು, ನಿಂಬೆಹಣ್ಣು, ಹಲ್ಲುಜ್ಜುವ ಪೇಸ್ಟು, ಪಾತ್ರೆ ತಿಕ್ಕುವ ಪುಡಿ, ಯಾವುದೂ ಬೇಡ. ಆಮ್ಲ ಕಿಲುಬಿನ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಪುಡಿ ಗೀರುತ್ತದೆ. ಬೆಳಕಿನ ತರಂಗಾಂತರಕ್ಕಿಂತ ನಯವಾದ ಮೇಲ್ಮೈಯ ಮೇಲೆ ಒಂದು ಸಲ ಬಟ್ಟೆ ಎಳೆದರೂ ಕನ್ನಡಿ ಹೋಯಿತು. ಅದನ್ನು ಮರಳಿ ತರುವ ವಿದ್ಯೆ ಇಲ್ಲ.

ಬೆಲೆಯ ಮಾತು

2011ರ ಜೂನ್ 30ರಂದು 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ ಮುಗಿಯಿತು. 50 ಪೈಸೆ ಕಾನೂನಿನ ಪ್ರಕಾರ ಇಂದಿಗೂ ನಾಣ್ಯವೇ, ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ ಎಂಬುದು ಬೇರೆ ಮಾತು. ಪೈಸೆಗಳು ಹೋದ ಮೇಲೆ ಅವುಗಳ ಸುತ್ತ ಆಸೆಯ ವ್ಯಾಪಾರವೊಂದು ಬೆಳೆಯಿತು. 'ಈ ಹಳೆಯ ನಾಣ್ಯ ನಿಮ್ಮಲ್ಲಿದ್ದರೆ ಲಕ್ಷಾಂತರ ರೂಪಾಯಿ' ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ನೀವು ಒಪ್ಪಿದರೆ ಮೊದಲು ಶುಲ್ಕ ಕಟ್ಟಿ, ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಎನ್ನುತ್ತಾರೆ. ಕಟ್ಟಿದ ಹಣ ಹೋಗುತ್ತದೆ, ಲಕ್ಷ ಬರುವುದಿಲ್ಲ. 2021ರ ಆಗಸ್ಟಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ತನ್ನ ಹೆಸರು ಮತ್ತು ಚಿಹ್ನೆಯನ್ನು ಬಳಸಿ ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ಹಣ ಕೇಳುವವರನ್ನು ನಂಬಬೇಡಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಎಚ್ಚರಿಸಿತು. ಮನೆಯಲ್ಲಿ ಹಿರಿಯರಿಗೆ ಇಂಥ ಕರೆ ಬಂದರೆ ಅದನ್ನು ವಿವರಿಸಿ ತಡೆಯಬೇಕಾದವರು ಓದಿದ ನೀವೇ.

ಯಾವ ನಾಣ್ಯಕ್ಕೂ ವಯಸ್ಸಿನಿಂದ ಮಾತ್ರ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಬಯಸುತ್ತಾರೆ, ಯಾವ ಸ್ಥಿತಿಯಲ್ಲಿದೆ ಎಂಬ ಮೂರರಿಂದ ಬರುತ್ತದೆ. ಕೋಟಿಗಟ್ಟಲೆ ಟಂಕಿಸಿದ ಸಾಮಾನ್ಯ ಪೈಸೆ ಇನ್ನೂ ಬಹುಕಾಲ ಅಗ್ಗವಾಗಿಯೇ ಇರುತ್ತದೆ. ಹಣ ಮಾಡುವ ಆಸೆಯಿಂದ ಈ ಹವ್ಯಾಸಕ್ಕೆ ಬಂದವರು ಹೆಚ್ಚಾಗಿ ಹಣ ಕಳೆದುಕೊಂಡು ಹೋಗುತ್ತಾರೆ. ನೋಡುವ ಆಸೆಯಿಂದ ಬಂದವರಿಗೆ ಮೋಸ ಮಾಡುವುದು ಕಷ್ಟ, ಅವರು ಬೆಲೆ ಕೇಳುವ ಮೊದಲು ಮಸೂರ ಹಿಡಿಯುತ್ತಾರೆ.

ನೀವೇ ಮಾಡಿ ನೋಡಿ

1. ಮನೆಯಲ್ಲಿರುವ ಪೈಸೆಗಳನ್ನು ಇಸವಿಯ ಪ್ರಕಾರ ಜೋಡಿಸಿ, ಅಯಸ್ಕಾಂತದಿಂದ ಪರೀಕ್ಷಿಸಿ, ಪಟ್ಟಿ ಬರೆಯಿರಿ. ಲೋಹ ಬದಲಾದ ವರ್ಷಗಳು ಯಾವುವು?

2. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಸವೆದ ನಾಣ್ಯಗಳನ್ನು ತೂಗಿ. ಮೇಲೆ ಕೊಟ್ಟ ತೂಕಕ್ಕಿಂತ ಎಷ್ಟು ಕಡಿಮೆ ಬಂತು? ಆ ವ್ಯತ್ಯಾಸ ಯಾರ ಯಾರ ಕೈಯಲ್ಲಿ ಉಳಿಯಿತು ಎಂದು ಯೋಚಿಸಿ.

3. ಹರಿಹರೇಶ್ವರ ದೇವಾಲಯಕ್ಕೆ ಹೋದಾಗ ಕಂಬದ ಹೊಳಪನ್ನು ಬೆಳಗಿನ ಓರೆ ಬಿಸಿಲಿನಲ್ಲಿಯೂ ನಡುಹಗಲಿನಲ್ಲಿಯೂ ನೋಡಿ. ವ್ಯತ್ಯಾಸಕ್ಕೆ ಕಾರಣ ಬರೆಯಿರಿ.

ಕನ್ನಡದಲ್ಲಿ 'ನಾಣ್ಯ' ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಒಳ್ಳೆಯ ಗುಣದ ವಸ್ತುವಿಗೆ 'ನಾಣ್ಯವಾದ ಸಾಮಾನು' ಎನ್ನುತ್ತೇವೆ. ಏನನ್ನೂ ಕೊಳ್ಳಲಾರದ 3 ಪೈಸೆಯನ್ನು, ಯಾವ ಪೇಟೆಗೂ ಹೋಗದೆಂದು ಗೊತ್ತಿದ್ದರೂ, ಯಾರೋ ಒಬ್ಬ ಕೆಲಸಗಾರ ಅಷ್ಟು ನಾಣ್ಯವಾಗಿ ಮಾಡಿ ಪೆಟ್ಟಿಗೆಯಲ್ಲಿಟ್ಟ. ಅದು ನಿಮ್ಮ ಕೈಗೆ ಬಂದಾಗ ಅಂಚಿನಲ್ಲಿ ಹಿಡಿಯಿರಿ.